ಎರಡು-ನಾಲ್ಕು

ಬೀದರದ ಚೌಬಾರಾ ದಾಟಿ ಮೂರನೇ ಅಂಗಡಿ ನಂದು.
ಮೂವತ್ತು ವರ್ಷ ಆಯ್ತು, ಕೈ ಹಿಚುಕಿ ಬಳಿ ಏರಸ್ಕೋತ ಕುಂತೀನಿ.
ಮಾರಿ ಮರೆತರೂ ಕೈ ಮರಿಯಂಗಿಲ್ಲ.
ಬಾಣಂತಿ ಕೈ ಮೆತ್ತಗ, ಭಾಂಡಿ ತಿಕ್ಕೋರದು ಒರಟ,
ಸಾಲಿ ಬಾಯಿಯೋರ ಉಗುರಿನಾಗ ಖಡೂನ ಪುಡಿ.

ಜಗದೇವಿ ಕೈ ಅಂದ್ರ ಎರಡು-ನಾಲ್ಕು.
ಲಗ್ನದಾಗ ಎರಡು ಡಜನ್ ಹಸರು ಏರಿಸಿದ್ದೆ, ಒಂದೂ ಒಡಿಲಿಲ್ಲ.
ಈ ಸಲ ಎರಡು-ಆರೂ ಗೆಣ್ಣಿನ ಮ್ಯಾಲ ನಿಂತುಬಿಡ್ತು.
ಸಬಕಾರ ಹಚ್ಚಿದೆ. ಪ್ಲಾಸ್ಟಿಕ್ ಚೀಲ ತೊಡಿಸಿ ಜಾರಿಸಿದೆ.
"ಯವ್ವಾ" ಅಂದ್ಳು.
ಅಷ್ಟೇನೂ ಹಿಚುಕಿರಲಿಲ್ಲ ನಾ.
ಬಳಿ ಬಿಟ್ಟೆ, ಬೆರಳು ಹಿಡದೆ.

ನೆನಸಿದ ಕಡ್ಲಿಯಂಗ ಉಬ್ಬಿತ್ತು ಗೆಣ್ಣು,
ಬಿಸಿ ಇತ್ತು.
ಎಡಗೈ ಬಿಟ್ಟು ಬಲಗೈ ಹಿಡದೆ, ಅದೂ ಹಾಂಗೇ.
ಜೋಡಿ ನೋಡಿ ತೊಡಿಸಿದಂಗ
ಎರಡೂ ಕಡಿ ಅದೇ ಗೆಣ್ಣು.

"ವಯಸ್ಸಾಯ್ತಲ್ರಿ ಆಪಾ."
ಮೂವತ್ತೆಂಟಕ್ಕ ಎಂಥಾ ವಯಸ್ಸ?
"ಮುಂಜಾನಿ ಹೆಂಗಿರ್ತದ ಹೇಳು."
"ಎದ್ದ ಕೂಡ್ಲೆ ಮುಷ್ಟಿ ಮುಚ್ಚಂಗಿಲ್ಲ,
ಹಾಲಿನ ಪಾಕೀಟು ಹಲ್ಲಿಲೇ ಹರೀತೀನಿ.
ಸಾಲಿ ರಿಕ್ಷಾ ಹ್ವಾದ ಮ್ಯಾಲ
ಬೆರಳು ನನ್ನವಾಗ್ತಾವ."
ಆರಕ್ಕ ಏಳ್ತಾಳ. ರಿಕ್ಷಾ ಬರೋದು ಎಂಟಕ್ಕ.
ಮಗಳ ಜಡಿ ಈಗ ಗಂಡ ಹಾಕ್ತಾನಂತ, ಸೊಟ್ಟಸೊಟ್ಟ.
ಉಗಾದಿ ಮುಂದ ಸುರು ಆಗಿದ್ದು;
ಕಾರಹುಣ್ಣಿಮಿ ಬಂತು.

ಭಾರ ಎತ್ತಿದ ನೋವು ಮಲಗಿದ್ರ ಹೋಗ್ತದ.
ಇದು ಮಲಗಿದ್ರ ಬರ್ತದ.
ಇದನ್ನ ನಂಗ ಯಾವ ಪುಸ್ತಕಾನೂ ಕಲಿಸಿಲ್ಲ,
ನಾದಿನಿ ಖೈರುನ್ನೀಸಾ ಕಲಿಸ್ಯಾಳ.
ನಾಕು ವರ್ಷ ಎಣ್ಣಿ ತಿಕ್ಕಿದ್ಳು,
ಮೆಡಿಕಲ್ ಅಂಗಡಿ ಹುಡುಗ ಕೊಟ್ಟ ಗುಳಿಗಿ ನುಂಗಿದ್ಳು,
ತಾಯತ ಕಟ್ಟಿದ್ಳು, ಬದನಿಕಾಯಿ ಬಿಟ್ಟಳು.
ಈಗ ಬೆರಳು, ಗಾಳಿಗಿ ಬಿದ್ದ ಜ್ವಾಳದಾಂಗ
ಎಲ್ಲಾ ಒಂದೇ ದಿಕ್ಕಿಗಿ.
"ಮೊದಲ ವರ್ಷವೇ ಬಂದಿದ್ರ" ಅಂದ್ರಂತ ಡಾಕ್ಟರು.
ಮುಂದಿನ ಮಾತು ಆಕಿ ಯಾರಿಗೂ ಹೇಳಂಗಿಲ್ಲ.

ಬಿಲ್ಲಿನ ಹಿಂದ ಬರದೆ, ದಪ್ಪ ಅಕ್ಷರದಾಗ:
ಎಲುಬಿನವರಲ್ಲ, ಕೀಲುವಾತದ ಡಾಕ್ಟರ್.
"ದೊಡ್ಡ ದವಾಖಾನಿಯಾಗ ಕೇಳು.
ಇಲ್ಲಿಲ್ಲಂದ್ರ ಕಲಬುರಗಿ, ಇಲ್ಲ ಹೈದರಾಬಾದ.
ನೋವು ಅಂತಷ್ಟೇ ಹೇಳಬ್ಯಾಡ, ರಿಕ್ಷಾದ ಕಥಿ ಹೇಳು.
ಮನ್ಯಾಗ ಬೈದ್ರ ನನ್ನ ಹೆಸರು ಹೇಳು."

ಚೀಟಿ ಮಡಚಾಕೂ ಹೊತ್ತಾಯ್ತು ಆಕಿಗಿ.
"ಆಪಾ, ಸುಮ್ಮ ಎರಡು-ಎಂಟು ಕೊಟ್ಟುಬಿಡ್ರಿ,
ನಾಳಿಗಿ ತವರಿಗಿ ಹೋಗೋದದ."
"ಖಾಲಿ ಆಗ್ಯಾವ" ಅಂದೆ.
ಬೆನ್ನ ಹಿಂದಿನ ಕಪಾಟಿನಾಗ
ನಾಕು ಡಜನ್ ಇದ್ದವು.