ಕುಟ್ಟದ ರೈಟರ್ ಬರೆಯದೆ ಬಿಟ್ಟದ್ದು

ಆರು ದಿನದಿಂದ ಹಾಜರಿ ಪುಸ್ತಕದಲ್ಲಿ
ಒಂದೇ ಅಕ್ಷರ ಬರೆಯುತ್ತಿದ್ದೇನೆ: ಗೈ.
ಪಾಲಿ, ಗೈ. ಬೊಳ್ಳಿ, ಗೈ. ಮೇಸ್ತ್ರಿ ಚಾತನೂ ಗೈ.
ನನ್ನ ಹೆಸರು ಈ ಪುಸ್ತಕದಲ್ಲಿಲ್ಲ;
ನನಗೆ ತಿಂಗಳ ಸಂಬಳ.

ಕುಟ್ಟದಿಂದ ತೋಲ್ಪೆಟ್ಟಿಗೆ ಜೀಪಿನಲ್ಲಿ ಒಂದು ಬೀಡಿಯ ದಾರಿ.
ಅಲ್ಲೂ ಇದೇ ರೋಬಸ್ಟಾ, ಇದೇ ಕೆಂಜಿಗ,
ಕಚ್ಚುವುದೂ ಕತ್ತಿನ ಅದೇ ಜಾಗಕ್ಕೆ.
ಕೂಲಿ ಮಾತ್ರ, ಚೆಕ್‌ಪೋಸ್ಟಿನ ಅಡ್ಡಗೋಲು ದಾಟಿದೊಡನೆ
ನೂರಿಪ್ಪತ್ತು ರೂಪಾಯಿ ಬೆಳೆದಿರುತ್ತದೆ.

‘ಹಣ್ಣಿಗೆ ಗೊತ್ತಾ ರೈಟರೇ, ತಾನು ಯಾವ ರಾಜ್ಯದ್ದು ಅಂತ?’
ಪಾಲಿ ಕೇಳಿದ್ದು ಕಳೆದ ವಾರ, ತಕ್ಕಡಿಯ ಪಕ್ಕ ನಿಂತು.
ನಾನು ಮುಳ್ಳು ನೋಡುತ್ತಿದ್ದೆ.
ಚೀಲದ ತೂಕಕ್ಕೆಂದು ಎರಡು ಕಿಲೋ ಕಳೆದು ಬರೆದೆ, ಅಭ್ಯಾಸ.
ಖಾಲಿ ಚೀಲ ಅರ್ಧ ಕಿಲೋ ಕೂಡ ತೂಗದು.

ಈಗ ಅವರು ಲೈನ್ ಮನೆಯ ಕಟ್ಟೆಯಲ್ಲಿ ಕೂತಿದ್ದಾರೆ.
ಘೋಷಣೆಯಿಲ್ಲ, ಬಾವುಟವೂ ಇಲ್ಲ.
ಬೊಳ್ಳಿ ಮಗಳ ತಲೆಯ ಹೇನು ನೋಡುತ್ತಾಳೆ,
ಚಾತ ಕತ್ತಿ ಮಸೆಯುತ್ತಾನೆ, ಕೆಲಸವಿಲ್ಲದ ಕತ್ತಿ.
ಹಣ್ಣು ಕಪ್ಪಾಗಿ ಉದುರುವ ಸದ್ದು
ಬಂಗಲೆಯ ತನಕ ಕೇಳುತ್ತದೆ.

ನಿನ್ನೆ ಲಾರಿಯಿಂದ ಅಸ್ಸಾಮಿನ ಹದಿನೆಂಟು ಹುಡುಗರು ಇಳಿದರು.
ಕಂಬಳಿಯಿಲ್ಲ, ಇಲ್ಲಿನ ಮಾತು ಬಾರದು.
ಸಂಜೆ ನೋಡಿದರೆ ಅವರೂ ಕಟ್ಟೆಯಲ್ಲಿ,
ಪಾಲಿಯ ಕರಿಕಾಫಿ ಕೈಯಿಂದ ಕೈಗೆ.
ಬೆರಳಲ್ಲಿ ಎಣಿಸುತ್ತಿದ್ದರು:
ಅವರ ಊರಿನ ಕೂಲಿ ಇಷ್ಟು, ಇಲ್ಲಿಯದು ಇಷ್ಟು,
ತೋಲ್ಪೆಟ್ಟಿಯದು...
ಬೆರಳು ಸಾಲದೆ ಒಬ್ಬ
ಪಾಲಿಯ ಕೈಯನ್ನೂ ಎಳೆದುಕೊಂಡ.

ಇವತ್ತು ಹೊಸ ಹದಿನೆಂಟು ಹೆಸರು ಬರೆದೆ,
ಕಾಗುಣಿತ ತಪ್ಪಿರಬಹುದು.
ಎಲ್ಲರ ಮುಂದೆಯೂ ಗೈ.
ಆಮೇಲೆ ಹಳೆಯ ಪುಟ ತಿರುವಿ
ಕಳೆದ ಎರಡೆರಡು ಕಿಲೋ ಕೂಡಿಸಲು ಕೂತೆ.
ಕರೆಂಟು ಹೋಯಿತು. ಪೆನ್ನು ಕೈಯಲ್ಲೇ ಇದೆ.