ಮಿಕ್ಕೋರೆಲ್ಲಿ?

ನಾಟಕ ಮುಗಿದು ನಾಲ್ಕೇ ಜನ
ಸಾಲಾಗಿ ನಿಂತು ಕೈ ಮುಗಿದಾಗ
ನಮ್ಮ ದೊಡ್ಡವ್ವ ನಿಂಗಾಜಮ್ಮ ಏಳಲಿಲ್ಲ.
'ಮಿಕ್ಕೋರು ಬರ್ಲಿ ತಡಿ' ಅಂದಳು.
ಪಾಂಡವಪುರದ ಸೊಸೈಟಿ ಗೋಡೌನಿನಲ್ಲಿ
ಯೂರಿಯಾ ಮೂಟೆ ಬದಿಗೆ ಸರಿಸಿ ಹಾಕಿದ್ದ ಕುರ್ಚಿಗಳನ್ನ
ಹುಡುಗರು ಆಗಲೇ ಮಡಚತೊಡಗಿದ್ದರು.

ಮಿಕ್ಕೋರು ಅಂದರೆ
ಗಂಟಲಲ್ಲಿ ಕಪ್ಪೆ ಕೂತ ಹಾಗೆ ಹಾಡುವ ಮುದಿಯಜಮಾನ,
ಅವನ ಮೂವರು ಸೊಸೆಯರು, ಮೂವರಿಗೂ ಸೇರಿ ಒಂದೇ ಮೂಗುಬೊಟ್ಟು,
ಕೊಡೆ ಬಿಚ್ಚದೆ ಮಾತೇ ಆಡದ ಮದುವೆ ದಲ್ಲಾಳಿ,
ಜಗಳವಾಡಿ ಮುಂಗಾಲು ಕೆರೆಗೂ ಹಿಂಗಾಲು ಕೊಟ್ಟಿಗೆಗೂ ಹೋದ
ಒಂದು ಎಮ್ಮೆ,
ಮತ್ತೆ ಆ ಪೊಲೀಸು.

ಸಣಕಲು ಕೆಂಪರಾಜು
ಬಲಗೆನ್ನೆ ತೋರಿಸಿದರೆ ಮಾವ, ಎಡಗೆನ್ನೆ ತೋರಿಸಿದರೆ ಸೊಸೆ;
ಅರ್ಧ ಮೀಸೆ, ಅರ್ಧ ಕಾಡಿಗೆ.
ಇಬ್ಬರೂ ಹಾಡಲ್ಲೇ ಬೈದಾಡಿಕೊಂಡು
ತಾಳ ಏರಿ, ಕತ್ತು ಗಿರಗಿರ ತಿರುಗಿ
ಕಡೆಗೆ ಸೊಸೆ ಮೀಸೆ ತಿರುವಿದಳು, ಮಾವ ನಾಚಿಕೊಂಡ.
ಗಫಾರ್ ಸಾಬ್ರಿಗೆ ನಗು ತಡೆಯದೆ
ಹಾರ್ಮೋನಿಯಂ ಒಂದಿಡೀ ಸಾಲು
ಬೇರೆ ಮನೆಗೆ ಹೋಗಿ ಬಂತು.
ನನ್ನ ಪಕ್ಕದವನು ಚಪ್ಪಲಿ ಕಳೆದುಕೊಂಡ,
ಎಲ್ಲಿ, ಹೇಗೆ ಅಂತ ಅವನಿಗೂ ತಿಳಿಯದು.

ಪೊಲೀಸು ಬಂದದ್ದು ಎರಡೇ ಸಲ.
ಬೆಲ್ಟು ಜಾರುತ್ತಿತ್ತು.
ಕಳ್ಳನ ಚರಣ ಮುಗಿಯಲಿ ಅಂತ ಕಾದು
ಆಮೇಲೆ ಕೊರಳಪಟ್ಟಿ ಹಿಡಿಯುವ ಮರ್ಯಾದಸ್ಥ.
ಯಾರು ಏನಂದರೂ ಬರೆದುಕೊಳ್ಳುತ್ತಿದ್ದ,
ಎಮ್ಮೆ ಅಂದದ್ದನ್ನೂ ಬರೆದುಕೊಂಡ.

'ಅವ್ನ ಕರ್ಕೊಂಡ್ ಬಾ' ಅಂದಳು ದೊಡ್ಡವ್ವ.
'ಅವ್ನು ಅವ್ನಲ್ಲ, ದೇವೀರಮ್ಮ ಅಂತ,
ಎಮ್ಮೆ ಹಿಂಗಾಲೂ ಆವಮ್ಮನೇ,
ಈಗ ಕೊಬ್ಬರಿ ಎಣ್ಣೆ ಹಚ್ಚಿ ಮುಖ ಒರೆಸ್ಕೊತಾವ್ಳೆ.'
'ಒರೆಸ್ಕೊಳ್ಳಿ. ಕರಿ.'

ಬಂದಳು. ನನ್ನ ಮುಖ ನೋಡಿದಳು, ಮುದುಕಿಯ ಮುಖ ನೋಡಿದಳು,
ಒಂದು ಕಿವಿಯಲ್ಲಿ ಓಲೆ ಇನ್ನೂ ತೂಗುತ್ತಿರುವಾಗಲೇ
ಟೋಪಿ ಇಟ್ಟಳು, ಮೀಸೆ ಒತ್ತಿದಳು,
ದನಿಯನ್ನು ಎರಡು ಮೆಟ್ಟಿಲು ಕೆಳಗಿಳಿಸಿ
'ಏನ್ ಕಂಪ್ಲೇಂಟು?' ಅಂದಳು.

ಬೋರಿನ ಮೋಟರು ಕೇಬಲ್ಲು, ನಲವತ್ತು ಮೀಟರು,
ಶಿವರಾತ್ರಿ ಮಾರನೆ ದಿನ ಕತ್ತರಿಸಿದ್ದು.
ಟೇಸನ್ನಿಗೆ ಮೂರು ಸಲ ಹೋಗಿದ್ದು, ಮೂರು ಸಲವೂ 'ನಾಳೆ ಬಾ'.
ಬರೆದಳು. 'ತಾಮ್ರವಾ, ಅಲ್ಯೂಮಿನಿಯಮ್ಮಾ?'
ಬರೆದಳು. 'ಯಾರ ಮೇಲಾದ್ರೂ ಗುಮಾನಿ?'
ದೊಡ್ಡವ್ವ ನನ್ನನ್ನು ಆಚೆ ಹೋಗು ಅಂದಳು.
ಆರು ತಿಂಗಳಿಂದ ಮನೇಲಿ ಯಾರಿಗೂ ಬಿಡದ ಹೆಸರನ್ನು
ಆ ಅಂಟುಮೀಸೆಯ ಕಿವಿಗೆ ಹೇಳಿದಳು.

ಮೊಪೆಡ್ಡಿನ ಹಿಂದೆ ಕೂತವಳ ಸಂಚಿಯಲ್ಲಿ
ಎಲೆ, ಸುಣ್ಣದ ಡಬ್ಬಿ, ನಾಲ್ಕು ಮಡಿಕೆಯ ಆ ಚೀಟಿ;
ಹಿಂಬದಿಯಲ್ಲಿ ಮೂರನೇ ಸೊಸೆಯ ಹಾಡಿನ ಅರ್ಧ.

'ಅದು ನಾಟಕದ ಪೊಲೀಸು, ದೊಡ್ಡವ್ವ.'
'ನಂಗೇನ್ ಕಣ್ಣಿಲ್ವೇನ್ಲಾ?
ಬರ್ಕೊಂಡ್ನಲ್ಲ.'

ನಾಲೆ ಏರಿ ದಾಟುವವರೆಗೂ ಸುಮ್ಮನಿದ್ದಳು.
ಆಮೇಲೆ ನನ್ನ ಬೆನ್ನು ತಿವಿದು
'ಮುಂಗಾಲು ಯಾರ್ಲಾ?' ಅಂದಳು.