ಮತ್ತು ಸಂಗಡಿಗರು

ಒಟ್ಟು ನಲವತ್ತೊಂದು. ಎರಡು ಸಲ ಎಣಿಸಿದೆ.
ಮೊದಲ ಸಲ ನಲವತ್ತೇ ಬಂತು.
ಒಂದು ತಟ್ಟೆ ಇನ್ನೊಂದರ ಕವರಿನೊಳಗೆ ನುಸುಳಿತ್ತು,
ಚಳಿಗೆ ಅಕ್ಕನ ಕಂಬಳಿಗೆ ತೂರುವ ತಂಗಿಯ ಹಾಗೆ.

ಅಪ್ಪ ಅಶೋಕಪುರದ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್.
ಕೈಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು
ಮತ್ತೆ ಸೀಗೆಪುಡಿಯಲ್ಲಿ ತೊಳೆದು
ಪಂಚೆಯ ಒಳಮಗ್ಗುಲಿಗೆ ಒರೆಸಿ
ಆಮೇಲಷ್ಟೇ ತಟ್ಟೆ ಮುಟ್ಟುತ್ತಿದ್ದದ್ದು,
ಅದೂ ಅಂಚನ್ನು ಮಾತ್ರ.

ಫೋರ್‌ಮನ್ ವಿಲ್ಮಟ್ ಸಾಹೇಬರು
ಮನೆ ಮಾರಿ ಪರ್ತಿಗೆ ಹಡಗು ಹತ್ತುವ ಮುಂಚೆ
ಮಾವಿನಹಣ್ಣಿನ ಪೆಟ್ಟಿಗೆಯೊಂದನ್ನು ಕೊಟ್ಟು ಹೋದರಂತೆ.
ಹನ್ನೆರಡು ಎಲ್‌ಪಿ. ಎಲ್ಲ ಅಗಲ ಟೋಪಿಯವರು,
ಬೇಲಿ, ಕುದುರೆ, ಗಿಟಾರು,
ಹಿನ್ನೆಲೆಯಲ್ಲಿ ಎಲ್ಲಾದರೂ ಒಂದು ರೈಲು.
ಹಾಡು ಅಪ್ಪನಿಗೆ ತಿಳಿಯುತ್ತಿರಲಿಲ್ಲ. ರೈಲು ತಿಳಿಯುತ್ತಿತ್ತು.
ಗಿಟಾರಿನ ಓಟಕ್ಕೆ ಕಿವಿಗೊಟ್ಟು
'ಇದು ಮೀಟರ್‌ಗೇಜಲ್ಲ' ಎನ್ನುತ್ತಿದ್ದ,
'ಇಳಿಜಾರಲ್ಲಿ ಹೋಯ್ತಾ ಐತೆ. ಬ್ರೇಕು ಸರಿಗಿಲ್ಲ.'

ಉಳಿದವು ನಮ್ಮ ಕಡೆಯವು.
ದೇವರಾಜ ಮಾರುಕಟ್ಟೆ ಹಿಂದಿನ ಗುಜರಿಯಿಂದ
ಸಂಬಳದ ಶನಿವಾರಕ್ಕೊಂದರಂತೆ ಬಂದವು:
ಕಂಸಾಳೆಯವರು, ತಂಬೂರಿಯವರು, ರಾಗಿ ಬೀಸುವ ಪದ.
ಒಂದೇ ಒಂದು ಮಾತ್ರ ಅಪ್ಪ ಕೊಂಡದ್ದಲ್ಲ.
ಅದು ಅವ್ವನಿಗೆ ಕೂಲಿಯ ಬದಲು ಸಿಕ್ಕಿದ್ದು.

ಮದ್ದೂರು ಕಡೆಯ ಏಳು ಹೆಂಗಸರನ್ನು
ಮೆಟಡೋರಿನಲ್ಲಿ ತುಂಬಿಸಿ ತಂದು
ಮೈಸೂರಿನ ಛತ್ರವೊಂದರಲ್ಲಿ, ಕಿಟಕಿಗೆಲ್ಲ ಕಂಬಳಿ ಬಡಿದು
ಸೋಬಾನೆ ಹೇಳಿಸಿದರು.
ಯಂತ್ರದವನು ಬಳೆ ತೆಗೀರಿ ಅಂದ. ಆರು ಜನ ತೆಗೆದರು.
ಅವ್ವನಿಗೆ ಮದುವೆಯಾಗಿ ಹದಿನೇಳು ದಿನ.
'ತೆಗಿಯಾಕಿಲ್ಲ.'
ಕೊನೆಗೆ ಬಳೆಯ ಮೇಲೆ ಒದ್ದೆ ಟವೆಲ್ಲು ಸುತ್ತಿದರು.

ಎರಡನೇ ಬದಿ, ಮೂರನೇ ಪದ:
ಟವೆಲ್ಲು ಸಡಿಲವಾಯಿತು.
ಅಷ್ಟು ದನಿಗಳ ಸಂದಿಯಲ್ಲಿ ಗಾಜಿಗೆ ಗಾಜು ತಾಕಿದ ಒಂದು ಕಿಣಿ.
ಮುಳ್ಳು ಅಲ್ಲಿಗೆ ಬಂದಾಗಲೆಲ್ಲ
ಅಪ್ಪ ಬೆರಳೆತ್ತುತ್ತಿದ್ದ.
ಮನೆಗೆ ಬಂದವರ ಮಾತೂ ಅಲ್ಲಿಗೆ ನಿಲ್ಲಬೇಕು.

ಕವರಿನ ಮೇಲೆ ಮುಂದಾಳು ಹಾಡುಗಾರ್ತಿಯ ಫೋಟೋ, ಹೆಸರು,
ಕೆಳಗೆ ಸಣ್ಣ ಅಕ್ಷರದಲ್ಲಿ: ಮತ್ತು ಸಂಗಡಿಗರು.
ಒಂದನೇ ಕ್ಲಾಸಿನ ಮೇಡಂ ತಾಯಿ ಹೆಸರು ಕೇಳಿದಾಗ
ಸಂಗಡಿಗರು ಎಂದೆ.
ಅವರು ನಕ್ಕದ್ದು ಯಾಕೆಂದು ಬಹಳ ದಿನ ಹೊಳೆಯಲಿಲ್ಲ.

ಇನ್ನೊಂದು ದಿನ, ಅವ್ವ ಅವರೆಕಾಯಿ ಸುಲಿಯುತ್ತ
ಸಾಹೇಬರ ಪೆಟ್ಟಿಗೆಯ ಹೆಂಗಸೊಬ್ಬಳನ್ನು ಕೇಳುತ್ತಿದ್ದಳು.
ತಟ್ಟನೆ ಅಂದಳು:
'ಆಯಮ್ಮನ ಹಿಂದೆ ನಾಕು ಜನ ಅವ್ರೆ ಕಣವ್ವ.
ಒಬ್ಳಿಗೆ ನೆಗಡಿ. ಯಾರಂತೆ ಅವ್ರೆಲ್ಲ?'
ಕವರು ತಿರುಗಿಸಿ ಹುಡುಕಿದೆ.
ಫೋಟೋ ತೆಗೆದವನ ಹೆಸರಿತ್ತು, ಅಚ್ಚಾದ ಊರಿತ್ತು,
ಧೂಳು ಒರೆಸುವುದು ಹೇಗೆಂಬ ಬುದ್ಧಿಮಾತೂ ಇತ್ತು.

ಹೋದ ವಾರ ಗೋಕುಲಂನಲ್ಲಿ ಕಾಫಿ ಅಂಗಡಿ ತೆರೆಯುವ ಹುಡುಗ ಬಂದಿದ್ದ.
ಒಳ್ಳೆ ರೇಟು ಹೇಳಿದ. ಚಪ್ಪಲಿ ಹೊರಗೇ ಬಿಟ್ಟಿದ್ದ, ವಿನಯವಂತ.
'ಗೋಡೆಗೆ ಬೇಕು ಆಂಟಿ. ತಟ್ಟೆ ನೀವೇ ಇಟ್ಕೊಳಿ,
ನಂಗೆ ಕವರು ಸಾಕು.'
ಎದ್ದು ಹೋಗಪ್ಪ ಅನ್ನಲು ನಾನು ಬಾಯಿ ತೆರೆದಿದ್ದೆ.
ಒಳಗಿನಿಂದ ಅವ್ವ:
'ಕೊಟ್ಬುಡು. ಕವರಲ್ಲಿ ನಾನೆಲ್ಲಿವ್ನಿ?'

ಆ ರಾತ್ರಿ ಹಳೆಯ ರೈಲ್ವೆ ಕ್ಯಾಲೆಂಡರಿನ ಹಾಳೆ ಮಡಿಸಿ
ಗೋಂದು ಹಚ್ಚಿ, ಅವ್ವನ ತಟ್ಟೆಗೊಂದು ಅಂಗಿ ಮಾಡಿದೆ.
ಪೆನ್ನು ಹಿಡಿದು ಕೂತೆ. ಹೇಳಿದಳು:
ಪುಟ್ಟಸಿದ್ದಿ. ಕರಿಯಮ್ಮಣ್ಣಿ. ಹಲಗೂರು ಸಣ್ಣಮ್ಮ.
ಚೌಡಿ. ಅವಳ ನಾದಿನಿ ಚಿಕ್ಕೋಳು.
ಆಮೇಲೆ ತನ್ನದು, ಬೇರೆ ಯಾರದೋ ಎಂಬಂತೆ: ದೊಡ್ಡತಾಯಿ.
ಏಳನೆಯವಳು ಬರಲಿಲ್ಲ.
ತುಟಿ ಮೇಲೊಂದು ಮಚ್ಚೆಯಿತ್ತಂತೆ,
ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳಂತೆ,
ಎತ್ತುಗಡೆ ಎಲ್ಲರಿಗಿಂತ ಅವಳದೇ ಮೇಲಂತೆ.
ಬಹಳ ಹೊತ್ತು ಸೂರು ನೋಡಿದಳು.
'ಮಚ್ಚೆ ಅಂತ್ಲೇ ಬರಿ' ಅಂದಳು,
'ಮುಂದಕ್ಕೆ ಒಸಿ ಜಾಗ ಬುಡು.'